ಮೊದಲು ಕೇಳಬೇಕು, ಆಮೇಲೆ ಕತ್ತರಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಮೆರಿಕದ ಟೊಲೀಡೊ ಊರಿನ ಬಸ್ ಡಿಪೋ ಹಿಂದಿನ ಚರ್ಚಿನ ನೆಲಮಾಳಿಗೆಯಲ್ಲಿ ಒಂದೇ ದೀಪ ಉರಿಯುತ್ತಿದೆ. ಅದರ ಕೆಳಗೆ ಒಡೆಸ್ಸಾ ಪ್ರೂಯಿಟ್ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಒಬ್ಬ ದಡೂತಿ ಗಂಡಸನ್ನು ಕನ್ನಡಿಯ ಮುಂದೆ ಅತ್ತಿತ್ತ ತಿರುಗಿಸುತ್ತಿದ್ದಾರೆ.

"ನೆಟ್ಟಗೆ ನಿಂತ್ಕೊಳ್ಳಪ್ಪ ಡೆಲ್ವಿನ್. ಹೊಟ್ಟೆ ಒಳಗೆ ಎಳ್ಕೋಬೇಡ. ಅಲ್ಲಿ ಹೋಗಿ ಎಷ್ಟೊತ್ತು ಉಸಿರು ಕಟ್ಕೊಂಡು ಕೂತಿರ್ತೀಯ?"

"ನಮ್ಮಮ್ಮನೂ ಹಿಂಗೆ ಬೈತಿರ್ಲಿಲ್ಲ, ಮಿಸ್ ಒಡೆಸ್ಸಾ."

"ಬೈದಿದ್ರೆ ಈ ಹೊಟ್ಟೆ ಎಲ್ಲಿರ್ತಿತ್ತು ಹೇಳು!"

ಡೆಲ್ವಿನ್ ಗಾಜಿನ ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡವನು. ಈ ಬೆಳಿಗ್ಗೆಯೇ ಬ್ಯಾಂಕಿನ ಕಾವಲು ಕೆಲಸಕ್ಕೆ ಸಂದರ್ಶನ. ಅವನ ಕೋಟಿನ ತೋಳಿನಿಂದ ಬೆಲೆಚೀಟಿ ಇಣುಕುತ್ತಿದೆ. ಒಡೆಸ್ಸಾ ಕತ್ತರಿಯನ್ನು ಮುಟ್ಟುವುದಿಲ್ಲ. ಬಾಯಿಂದ ಸೂಜಿ ತೆಗೆದು, ದನಿ ತಗ್ಗಿಸಿ ಕೇಳುತ್ತಾರೆ: "ಇದು ಇಟ್ಕೊಳ್ಳೋದಾ, ವಾಪಸ್ಸಾ?"

ಅವನ ಮುಖ ಕೆಂಪಗಾಗುತ್ತದೆ. "ಕೆಲಸ ಸಿಕ್ಕಿದ್ರೆ ಇಟ್ಕೊಳ್ಳೋದು. ಇಲ್ದಿದ್ರೆ ಚೀಟಿ ಸಮೇತ ಅಂಗಡಿಗೆ ಕೊಟ್ಟು ದುಡ್ಡು ವಾಪಸ್ ತಗೊಳ್ಳೋದು."

"ನಾಚ್ಕೊಳ್ಳೋಕೇನಿದೆ ಇದ್ರಲ್ಲಿ?" ಎನ್ನುತ್ತಾ ಅವರು ಚೀಟಿಯನ್ನು ಮಡಚಿ, ತೋಳಿನ ಅಸ್ತರಿಗೆ ನಾಲ್ಕು ಸಡಿಲ ಹೊಲಿಗೆ ಹಾಕುತ್ತಾರೆ. ಕೈ ಎತ್ತಿದರೂ ಕಾಣುವುದಿಲ್ಲ, ಒಂದು ದಾರ ಎಳೆದರೆ ಚೀಟಿ ಮೊದಲಿದ್ದಂತೆಯೇ ಹೊರಬರುತ್ತದೆ. ಕೋಟಿನ ಬೆನ್ನ ಕೆಳಗಿನ ಸೀಳು ಬಿಚ್ಚಿಕೊಳ್ಳದಂತೆ ಅಂಗಡಿಯವರು ಹಾಕಿರುವ ಬಿಳಿ ದಾರದ ಅಡ್ಡ ಹೊಲಿಗೆಯನ್ನೂ ಮುಟ್ಟುವುದಿಲ್ಲ. ಕೋಟು ಇಟ್ಟುಕೊಳ್ಳುವುದಾದರೆ ಅದನ್ನು ಮೊದಲು ಕೀಳಬೇಕು. ಬಿಟ್ಟರೆ, ಹೊಸ ಕೋಟು ಹಾಕಿ ಅಭ್ಯಾಸವಿಲ್ಲದವರು ಎಂದು ಹಿಂದಿನಿಂದ ನೋಡಿದವರಿಗೆಲ್ಲ ಗೊತ್ತಾಗುತ್ತದೆ. "ಅಲ್ಲಿ ಬೆನ್ನು ಗೋಡೆ ಕಡೆ ಇರ್ಲಿ," ಎಂದು ತಾಕೀತು ಮಾಡಿ ಕಳಿಸುತ್ತಾರೆ.

ಅರವತ್ತು ದಾಟಿದ ಒಡೆಸ್ಸಾ ಹಗಲಿಡೀ ಡ್ರೈಕ್ಲೀನಿಂಗ್ ಅಂಗಡಿಯೊಂದರಲ್ಲಿ ಪ್ಯಾಂಟುಗಳ ಉದ್ದ ಕಡಿಮೆ ಮಾಡುತ್ತಾರೆ. ಅದು ಸಂಬಳದ ಕೆಲಸ. ಅದಕ್ಕೂ ಮುಂಚಿನ ಈ ಬೆಳಗಿನ ಕೆಲಸಕ್ಕೆ ಸಂಬಳವೂ ಇಲ್ಲ, ಬೋರ್ಡೂ ಇಲ್ಲ. ಬಾಯಿಂದ ಬಾಯಿಗೆ ಸುದ್ದಿ ಹರಡಿ ದಿನಕ್ಕೆ ನಾಲ್ಕೈದು ಜನ ಮೆಟ್ಟಿಲಿಳಿದು ಬರುತ್ತಾರೆ. ಹೊಲಿಗೆ ಕಲಿಸಿದ್ದು ತಾಯಿ, ಇದೇ ಚರ್ಚಿನ ಹಾಡುಗಾರರ ನಿಲುವಂಗಿಗಳನ್ನು ಹೊಲಿಯುತ್ತಿದ್ದವರು.

ಇಲ್ಲಿಗೆ ಬರುವವರಿಗೆಲ್ಲ ಅವರು ಹೇಳುವ ಪಾಠ ಒಂದೇ. "ಹೆಗಲು ಸರಿಯಾಗಿ ಕೂರೋ ಕೋಟು ಹುಡ್ಕು, ಮಿಕ್ಕಿದ್ದು ನಂಗೆ ಬಿಡು. ಕಪ್ಪು ಪ್ಯಾಂಟು ಎರಡು ಸಾಕು. ಸೋಮವಾರದ ಪ್ಯಾಂಟು ಬುಧವಾರ ಮತ್ತೆ ಬಂತು ಅಂತ ಯಾವನೂ ಬರೆದಿಟ್ಕೊಳ್ಳಲ್ಲ. ಮೇಲಿನ ಅಂಗಿ ಮಾತ್ರ ಬದಲಾಗ್ತಿರ್ಬೇಕು. ದುಡ್ಡು ಮಿಕ್ಕಿದ್ರೆ ಚಪ್ಪಲಿ ಅಂಗಡಿಗಲ್ಲ, ಶೂ ರಿಪೇರಿಯವನ ಹತ್ರ ಹೋಗು." ಹಳೆ ಬಟ್ಟೆ ಅಂಗಡಿಯ ಕೋಟಿನ ಪ್ಲಾಸ್ಟಿಕ್ ಗುಂಡಿ ಕಿತ್ತು ಒಳ್ಳೆಯ ಗುಂಡಿ ಹಾಕಿದರೆ ಅರ್ಧ ಕೆಲಸ ಮುಗಿದಂತೆ ಎನ್ನುತ್ತಾರೆ. ಅವರ ಬಿಸ್ಕತ್ತು ಡಬ್ಬಿಯ ತುಂಬಾ ಅಂಥ ಗುಂಡಿಗಳೇ.

ಇಷ್ಟೆಲ್ಲ ನಗುನಗುತ್ತಾ ಹೇಳುವವರು ಮೇಜಿನ ಮೇಲಿನ ಕತ್ತರಿಯ ಮಾತು ಬಂದೊಡನೆ ಮಂಕಾಗುತ್ತಾರೆ.

ಎರಡು ವರ್ಷದ ಹಿಂದೆ ರೆನೀಟಾ ಎಂಬ ಹುಡುಗಿ ಬಂದಿದ್ದಳು. ದಂತವೈದ್ಯರೊಬ್ಬರ ಆಫೀಸಿನಲ್ಲಿ ರಿಸೆಪ್ಷನಿಸ್ಟ್ ಕೆಲಸಕ್ಕೆ ಸಂದರ್ಶನವಿತ್ತು. ಹಳೆ ಪ್ಯಾಂಟಿನ ಉದ್ದ ಸರಿಮಾಡಿಸಲು ಬಂದವಳು, ಜೋಡಿ ಹೇಗೆ ಕಾಣುತ್ತದೆಂದು ನೋಡಲು ಮೇಲೆ ಹೊಚ್ಚಹೊಸ ನೀಲಿ ಕೋಟು ಹಾಕಿಕೊಂಡಳು. ತೋಳೊಳಗೆ ಚೀಟಿ ತೂಗಾಡುತ್ತಿತ್ತು. 'ಅಯ್ಯೋ ಮರೆತಿದ್ದಾಳಲ್ಲ' ಎಂದುಕೊಂಡ ಒಡೆಸ್ಸಾ ಕಚಕ್ಕನೆ ಕತ್ತರಿಸಿಬಿಟ್ಟರು. ಹೆಮ್ಮೆಯಿಂದ ಬೆನ್ನಿನ ಅಡ್ಡ ಹೊಲಿಗೆಗೆ ಕೈ ಹಾಕುವಷ್ಟರಲ್ಲಿ ಕನ್ನಡಿಯಲ್ಲಿ ಅವಳ ಮುಖ ಕಂಡಿತು.

"ಮಿಸ್ ಒಡೆಸ್ಸಾ, ಅದನ್ನ ನಾಳೆ ವಾಪಸ್ ಕೊಡ್ಬೇಕಿತ್ತು. ಕರೆಂಟ್ ಬಿಲ್ಲಿನ ದುಡ್ಡು ಅದು."

"ನಾನು ಕೊಡ್ತೀನಿ ಮಗಳೇ, ಎಷ್ಟಾಯ್ತು ಹೇಳು ಅಂತ ಪರ್ಸ್ ತೆಗೆದೆ," ಎಂದು ನೆನೆಯುತ್ತಾರೆ ಒಡೆಸ್ಸಾ. "ಬೇಡ ಅಂದ್ಳು. ಸುಮ್ನೆ ಬೇಡ ಅಂದ್ಳು ಅಷ್ಟೇ. ಒಂದು ಮಾತು ಬೈದಿದ್ರೂ ಆಗ್ತಿತ್ತು. ಅದೇ ಕೋಟು ಹಾಕ್ಕೊಂಡು ಮೆಟ್ಟಿಲು ಹತ್ತಿ ಹೋಗ್ಬಿಟ್ಳು. ಇಲ್ಲಿ ಬಂದು ತಿರುಗಿ ನೋಡದೆ ಹೋದವಳು ಅವಳೊಬ್ಳೇ."

ವಾಪಸ್ ಕೊಡುವ ಬಟ್ಟೆ ಹಾಕಿಕೊಂಡು ಕೆಲಸ ಕೇಳಲು ಹೋಗುವುದು ಈ ಬೀದಿಯವರಿಗೆ ಹೊಸದೇನಲ್ಲ. ಒಡೆಸ್ಸಾ ಕೂಡ ಹರೆಯದಲ್ಲಿ ಹಾಗೆಯೇ ಹೋಗಿದ್ದವರು, ಬೆವರು ತಾಗದಂತೆ ಕಂಕುಳಿಗೆ ಕರವಸ್ತ್ರ ಮಡಚಿಟ್ಟುಕೊಂಡು. "ಗೊತ್ತಿಲ್ದೆ ಮಾಡಿದ್ರೆ ಬೇರೆ ಮಾತು. ಎಲ್ಲಾ ಗೊತ್ತಿದ್ದೂ ಕೇಳ್ಲಿಲ್ವಲ್ಲ ನಾನು. ಕೈ ಚುರುಕು ಅನ್ನೋ ಜಂಬ," ಎನ್ನುವಾಗ ಅವರ ಕಣ್ಣು ತುಂಬುತ್ತದೆ. ಅಂದಿನಿಂದ ಈ ನೆಲಮಾಳಿಗೆಯಲ್ಲಿ ಮೊದಲು ಪ್ರಶ್ನೆ, ಆಮೇಲೆ ಕತ್ತರಿ.

ಕಳೆದ ಚಳಿಗಾಲದಲ್ಲಿ ಒಮ್ಮೆ ರೆನೀಟಾ ಕಂಡಿದ್ದಳಂತೆ. ರಸ್ತೆಯ ಆಚೆ ಬದಿಯಲ್ಲಿ, ಬಸ್ಸಿಗೆ ಸಾಲಾಗಿ ನಿಂತವರ ನಡುವೆ, ಅದೇ ನೀಲಿ ಕೋಟು. ಮೊಣಕೈ ಮಾಸಿತ್ತು. ಕೆಲಸ ಸಿಕ್ಕಿ ದಿನಾ ಹಾಕುತ್ತಿದ್ದಾಳೋ, ಬೇರೆ ಇಲ್ಲದ್ದಕ್ಕೆ ಹಾಕುತ್ತಿದ್ದಾಳೋ ತಿಳಿಯಲಿಲ್ಲ. ಒಡೆಸ್ಸಾ ಕೂಗಿದರು, ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲ. ಅವಳು ಹತ್ತಲು ತಿರುಗಿದಾಗ ಬೆನ್ನು ಕಂಡಿತು. ಬಿಳಿ ದಾರದ ಅಡ್ಡ ಹೊಲಿಗೆ ಹಾಗೆಯೇ ಇತ್ತು.

"ಯಾರೂ ಹೇಳಿಲ್ಲ ಅವಳಿಗೆ. ಇಷ್ಟು ದಿನ ಅದನ್ನ ಬೆನ್ನ ಮೇಲೆ ಹೊತ್ಕೊಂಡೇ ಓಡಾಡಿದಾಳೆ," ಎನ್ನುತ್ತಾ ಒಡೆಸ್ಸಾ ಕತ್ತರಿಯನ್ನು ಡಬ್ಬಿಯೊಳಗಿಡುತ್ತಾರೆ. ಅಂಗಡಿ ತೆರೆಯುವ ಹೊತ್ತಾಯಿತು. ಮೆಟ್ಟಿಲ ಬಳಿ ನಿಂತು ಒಂದು ಮಾತು ಸೇರಿಸುತ್ತಾರೆ: "ಒಂದ್ಸಲ ಬರ್ಲಿ. ಬೇಕಾದ್ರೆ ಬೈಲಿ. ಕೇಳೇ ತೆಗೀತೀನಿ ಆ ದಾರನ."