ಕೆರಿಯಮ್ಮನಿಗೆ ಲಿಚಿಯ ವಾಸನೆ ಬರುವುದಿಲ್ಲ

ಆನಂದಪುರದ ಹೊರಗೆ, ಹಣ್ಣನ್ನು ಡಬ್ಬಿಗೆ ತುಂಬುವ ಪುಟ್ಟ ಘಟಕದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಹೊಸನಗರದ ಕಡೆಯಿಂದ ಬಂದ ಲಿಚಿ ಬುಟ್ಟಿಗಳ ಮುಂದೆ ಕೆರಿಯಮ್ಮ ಕುಕ್ಕರುಗಾಲಿನಲ್ಲಿ ಕೂತಿದ್ದಾರೆ. ಪ್ರತಿ ಬುಟ್ಟಿಯ ತಳಕ್ಕೆ ಕೈ ಹಾಕಿ ಹಣ್ಣು ತೆಗೆಯುತ್ತಾರೆ. ಒರಟು ಕೆಂಪು ಸಿಪ್ಪೆ ಬಿಡಿಸಿ, ಬಿಳಿ ತಿರುಳನ್ನು ನಾಲಿಗೆಗೆ ಒತ್ತಿ, ಉಗುಳುತ್ತಾರೆ.

"ಏನ್ ಕೆರಿಯಕ್ಕ, ಹಣ್ಣು ತಿನ್ನಕ್ಕೇ ಸಂಬಳನಾ?" ಬೀಜ ತೆಗೆಯುವ ಬೆಳ್ಳಮ್ಮ ಕೆಣಕುತ್ತಾರೆ.

"ನೀನೇ ಬಾರೆ, ಹುಳಿ ಬಂದಿದ್ದನ್ನ ಚೀಪು."

ಹುಳಿತ ಬುಟ್ಟಿಯನ್ನು ಬೇರೆ ಮಾಡುವುದು ಕೆರಿಯಮ್ಮನ ಕೆಲಸ. ಕಳೆದ ವರ್ಷದವರೆಗೆ ಅದಕ್ಕಾಗಿ ಹಣ್ಣನ್ನು ಬಾಯಿಗಿಡುತ್ತಿರಲಿಲ್ಲ. ಬುಟ್ಟಿಯ ಮೇಲಿನ ಸೊಪ್ಪು ಸರಿಸಿ ಮೂಸಿದರೆ ಸಾಕಿತ್ತು. ತಾಜಾ ಲಿಚಿಗೆ ಗುಲಾಬಿಯಂಥ ಕಂಪು. ಕೊಯ್ದು ಒಂದೆರಡು ದಿನಕ್ಕೆ ಸಿಪ್ಪೆ ಕಂದು ತಿರುಗಿದರೂ ಒಳಗಿನ ತಿರುಳು ಚೆನ್ನಾಗಿರಬಹುದು, ಬಣ್ಣ ನಂಬುವಂತಿಲ್ಲ. ಹುಳಿಯತೊಡಗಿದ್ದನ್ನು ಮೂಗೇ ಹೇಳಬೇಕು. ಮಳೆಗಾಲದ ಜ್ವರವೊಂದು ಆ ಮೂಗನ್ನು ಕಿತ್ತುಕೊಂಡಿತು.

"ಜ್ವರ ಬಿಡ್ತು, ವಾಸ್ನೆ ವಾಪಸ್ ಬರ್ಲಿಲ್ಲ. ಡಾಕ್ಟ್ರು ಕಾದು ನೋಡಿ ಅಂದ್ರು. ಎಷ್ಟು ಅಂತ ಕಾಯದು?"

ಕೆಲಸ ಹೋದೀತೆಂದು ಅವರು ಯಾರಿಗೂ ಹೇಳಲಿಲ್ಲ. ಈ ಹಂಗಾಮಿನ ಆರಂಭದಲ್ಲೇ ಹುಳಿತ ಬುಟ್ಟಿಯೊಂದನ್ನು ಒಳಗೆ ಬಿಟ್ಟರು. ಆ ದಿನದ ಡಬ್ಬಿಗಳನ್ನೆಲ್ಲ ಗುಂಡಿಗೆ ಸುರಿಯಬೇಕಾಯಿತು. ಮಾಲೀಕ ಪೂರ್ಣೇಶ್ ಕೂಗಾಡಲಿಲ್ಲ. "ಮೊದ್ಲೇ ಹೇಳ್ಬಾರ್ದಿತ್ತಾ ಕೆರಿಯಮ್ಮ? ಇನ್ನೊಂದ್ ಸಲ ಹಿಂಗಾದ್ರೆ ಇಟ್ಕಳಕ್ಕಾಗಲ್ಲ," ಎಂದರು.

ವಾಸನೆ ಹೋದರೂ ಹುಳಿ ನಾಲಿಗೆಗೆ ಇನ್ನೂ ತಿಳಿಯುತ್ತದೆ. ಅದನ್ನೇ ಹಿಡಿದುಕೊಂಡಿದ್ದಾರೆ. ಚೀಪಿ ಚೀಪಿ ನಾಲಿಗೆಯ ಅಂಚು ಒಡೆದಿದೆ; ಮಧ್ಯಾಹ್ನ ಮಜ್ಜಿಗೆ ಅನ್ನ ಬಿಟ್ಟರೆ ಬೇರೇನೂ ಇಳಿಯದು.

ಬಿಸಿಲೇರಿದ ಮೇಲೆ ಪೂರ್ಣೇಶ್ ನಿನ್ನೆ ಮುಚ್ಚಿದ ಡಬ್ಬಿಯೊಂದನ್ನು ತೆರೆಯುತ್ತಾರೆ. ಕೆರಿಯಮ್ಮ ಬುಟ್ಟಿ ಬಿಟ್ಟು ಎದ್ದು ನಿಲ್ಲುತ್ತಾರೆ. ಡಬ್ಬಿ ಕುದಿಸಿದ ಬಿಸಿಗೆ ಹಣ್ಣು ಮೆತ್ತಗಾಗಿದೆ. ಸಕ್ಕರೆ ಪಾಕದ ಸಿಹಿಯಿದೆ, ತಾಜಾ ಹಣ್ಣಿನ ಕಂಪಿಲ್ಲ. ಡಬ್ಬಿಯ ಲಿಚಿ ಇರುವುದೇ ಹಾಗೆ. ಪೂರ್ಣೇಶ್ ನಿಧಾನವಾಗಿ ಅಗಿಯುತ್ತಾರೆ, ತಲೆಯಾಡಿಸುತ್ತಾರೆ. ಹುಳಿಯಿಲ್ಲ. ಕೆರಿಯಮ್ಮನ ಕೆಲಸ ಇವತ್ತಿಗೆ ಉಳಿಯಿತು.

ಆಸೆ ಏನೆಂದು ಕೇಳಿದರೆ ಕೆರಿಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ.

"ಡಬ್ಬಿ ಹಣ್ಣಿಗೆ ಘಮ ಇಲ್ಲ ಅಂತ ಪ್ಯಾಟೆಯೋರು ಬೈತಾರಂತೆ. ನಂಗೀಗ ಗಿಡದ ಹಣ್ಣೂ ಹಂಗೇ. ಮೊದ್ಲೆಲ್ಲ ಸಂಜೆ ಮನೆಗೆ ಹೋದ್ರೆ ನಮ್ಮನೆಯೋರು, ಹಣ್ಣಿನ ಘಮಕ್ಕೆ ಬಾಗ್ಲಲ್ಲೇ ಗೊತ್ತಾಗುತ್ತೆ ಕಣೆ ನೀ ಬಂದಿದ್ದು, ಅಂತಿದ್ರು. ಈಗ ನಾನೇ ಕೇಳ್ತೀನಿ, ಇವತ್ತೂ ವಾಸ್ನೆ ಬರುತ್ತಾ ಅಂತ. ಹೂಂ ಅಂತಾರೆ. ನಂಬ್ತೀನಿ."