ಕಲ್ಲಿಲ್ಲದ ಕಡಲದಂಡೆ

ಕಣ್ಣಿನ ಆಪರೇಷನ್ ಆದ ಮೇಲೆ, ಪಟ್ಟಿ ಬಿಚ್ಚುವ ಮೊದಲೇ, ನಮ್ಮ ಅಕ್ಕ ಹರಕೆ ಹೊತ್ತಳು. ಕಣ್ಣು ಚಲೋ ಕಂಡರೆ ಅದೇ ಕಣ್ಣಿಂದ ಸಮುದ್ರ ನೋಡಿ ಗಂಗವ್ವಗ ಉಡಿ ತುಂಬತೀನಿ ಎಂದು. ಕಣ್ಣು ಚಲೋ ಕಂಡವು. ಮೊದಲು ಕಂಡದ್ದು ನನ್ನ ಮುಖ. "ಇಷ್ಟ್ಯಾಕ ಮುದುಕ ಆಗೀದೋ ತಮ್ಮಾ?" ಎಂದಳು. ಹರಕೆ ತೀರಿಸುವ ಹೊಣೆ ಅಂದೇ ನನ್ನ ಹೆಗಲಿಗೆ ಬಿತ್ತು, ಯಾಕೆಂದರೆ ಮನೆತನದಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು ನಾನೊಬ್ಬನೇ. ಚಿತ್ತಾಪುರದ ಶಾಲೆಯ ಗೋಡೆಯ ನಕಾಶೆಯಲ್ಲಿ ಸಮುದ್ರವನ್ನು ಕೋಲಿನಿಂದ ತೋರಿಸುತ್ತಲೇ ಆಯುಷ್ಯ ಕಳೆದಿದ್ದೆ. ಅದು ನಿಜವಾಗಿ ಅಲ್ಲಿ ಇದೆಯೋ ಇಲ್ಲವೋ ಎಂದು ಹೋಗಿ ನೋಡುವ ಪ್ರಸಂಗ ಮಾತ್ರ ಬಂದಿರಲಿಲ್ಲ.

ಗೋವಾ ಹತ್ತಿರ ಎಂದೆ. ಅಲ್ಲಿಗೆ ಹೋಗಿಬಂದವರ ಫೋಟೊಗಳನ್ನು ಅಕ್ಕ ಹೊಸ ಕಣ್ಣಿಂದ ನೋಡಿದ್ದಳು, ಬೇಡವೆಂದಳು. ಕಡೆಗೆ ಅಂಡಮಾನ್ ಎಂದಾಯಿತು. ಅಕ್ಕ, ಅಕ್ಕನ ಗಂಡ ಅಂದರೆ ನಮ್ಮ ಮಾಮಾ, ನನ್ನ ಹೆಂಡತಿ ಮತ್ತು ನಾನು, ನಾಲ್ಕು ಜನ ವಾಡಿ ಜಂಕ್ಷನ್ನಿನಲ್ಲಿ ಮದ್ರಾಸ್ ಗಾಡಿ ಹತ್ತಿದೆವು. ಅಕ್ಕನ ಡಬ್ಬಿಗಳಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಉಡಿಯ ಸಾಮಾನು, ಜೊತೆಗೆ ಸೇಡಂ ಸಂತೆಯಲ್ಲಿ ತಗೊಂಡ ಒಂದು ತೆಂಗಿನಕಾಯಿ. ತೆಂಗಿನ ಗಿಡಗಳ ಕಾಡಿಗೇ ನಾವು ಕಾಯಿ ಹೊತ್ತು ಹೋದವರು. ನಮ್ಮ ಮುಂದಾಲೋಚನೆಯ ಮಟ್ಟ ಇದರಿಂದ ತಿಳಿಯಬೇಕು.

ಮಾಮಾರ ಲಗೇಜು ಬೇರೆ ಜಾತಿಯದು. ಅವರದು ಶಹಾಬಾದದಲ್ಲಿ ಹಾಸುಗಲ್ಲು ಪಾಲಿಶ್ ಮಾಡುವ ಕಾರ್ಖಾನೆ. ದೇಶವೆಲ್ಲ ಟೈಲ್ಸ್ ಹಾಕಿಸಿಕೊಂಡು ಜಾರಿಬೀಳುತ್ತಿದೆ ಎಂಬುದು ಅವರ ಸಿದ್ಧಾಂತ. ಅಂಗೈಯಗಲದ ಐದು ನಮೂನೆ ಕಲ್ಲು, ಒಂದು ಮಗ್ಗಲು ಕನ್ನಡಿಯಂತೆ ಪಾಲಿಶ್, ಒಂದು ಮಗ್ಗಲು ಒರಟು, ಒಂದು ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಮದ್ರಾಸಿನ ವಿಮಾನ ನಿಲ್ದಾಣದಲ್ಲಿ ಬಗ್ಗಿ ನೆಲ ತಟ್ಟಿ, ಸತ್ತವರ ಮನೆಗೆ ಬಂದವರಂತೆ ತಲೆ ಅಲ್ಲಾಡಿಸಿದರು. ದ್ವೀಪದಲ್ಲಿ ಇಳಿದ ದಿನವೇ, ಜೆಟ್ಟಿಯ ಪಕ್ಕ ಗೆಸ್ಟ್ ಹೌಸ್ ಕಟ್ಟಿಸುತ್ತಿದ್ದ ಒಬ್ಬ ಮನುಷ್ಯನನ್ನು ಹಿಡಿದು, ಮರುದಿನ ಸಂಜೆ ನಮೂನೆ ತೋರಿಸುವುದಾಗಿ ಮಾತು ಕೊಟ್ಟರು.

"ಸಮುದ್ರಕ್ಕ ಯಾರರ ಕಲ್ಲು ಹೊತಗೊಂಡು ಬರ್ತಾರೇನ್ರಿ ಮಾಮಾ?" ಎಂದೆ.

"ನೀ ನಕಾಶಿ ಹೊತಗೊಂಡು ತಿರುಗಿದಿ. ನಾ ಏನರ ಅಂದೆನಾ?" ಎಂದರು.

ಊರ ಪಕ್ಕದ ಬೀಚು ಅಕ್ಕನಿಗೆ ಸರಿಬರಲಿಲ್ಲ. ಭುರ್ರ್ ಅನ್ನುವ ಬೋಟು, ಮೆಕ್ಕೆಜೋಳದ ತೆನೆ ಸುಡುವವರು, ಫೋಟೊ ತೆಗೆಯುವವರು. "ಈ ಸಂತ್ಯಾಗ ಗಂಗವ್ವ ಎಲ್ಲಿ ಬರ್ತಾಳಪ್ಪ?" ಎಂದಳು. ಆಗ ನಾನು ಫೋನಿನಲ್ಲಿ ಶೋಧಿಸಿ, ಇನ್ನೂ ಅಭಿವೃದ್ಧಿಯಾಗದ, ಜನರ ಸುಳಿವಿಲ್ಲದ ಒಂದು ಕಡಲದಂಡೆ ಕಂಡುಹಿಡಿದೆ. ಅಲ್ಲಿ ಅಂಗಡಿ ಇಲ್ಲ, ರಸ್ತೆ ಇಲ್ಲ, ಕರೆಂಟಿಲ್ಲ, ಕುಡಿಯುವ ನೀರಿಲ್ಲ, ಪಾಯಖಾನೆ ಇಲ್ಲ ಎಂದು ಭಾಳ ಅಭಿಮಾನದಿಂದ ಬರೆದಿದ್ದರು. ಇವೇ ಐದು ಸೌಕರ್ಯಗಳಿಗಾಗಿ ನಮ್ಮ ಭಾಗವನ್ನು ಹಿಂದುಳಿದದ್ದು ಎಂದು ಕರೆದು ಸಮಿತಿ ಮೇಲೆ ಸಮಿತಿ ಮಾಡಿದ್ದಾರೆ. ಅಲ್ಲಿ ಅದಕ್ಕೆ ಟಿಕೀಟು ಇಟ್ಟಿದ್ದಾರೆ. ಚಿಂಚೋಳಿ ಕಡೆಯವರು ಇದನ್ನು ಗಮನಿಸಬೇಕು.

ಬೋಟಿನವನು ಬೆಳಿಗ್ಗೆ ನಮ್ಮನ್ನು ಇಳಿಸಿ, ಮೂರು ಗಂಟೆಗೆ ಬರುತ್ತೇನೆ, ಆಮೇಲೆ ಅಲೆ ಏಳುತ್ತದೆ, ಒಂದು ಗಳಿಗೆಯೂ ಕಾಯುವುದಿಲ್ಲ ಎಂದು ಹೇಳಿ ಹೋದ. ಉಳಿದದ್ದು ನಾವು ನಾಲ್ವರು, ದೂರದ ನೆರಳಿನಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡು ಕೂತ ಒಬ್ಬ ಫಾರೆಸ್ಟ್ ಗಾರ್ಡ್, ಮತ್ತು ಸಮುದ್ರ. ಅಕ್ಕ ಅದುವರೆಗೆ ಕಂಡ ಅತಿದೊಡ್ಡ ನೀರು ಚಂದ್ರಂಪಳ್ಳಿ ಡ್ಯಾಮಿನದು. ಕಣ್ಣಿಗೆ ಕೈ ಅಡ್ಡ ಹಿಡಿದು ನೀರಿನ ಆ ತುದಿ ಹುಡುಕಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, "ತಮ್ಮಾ, ಐದು ಕಲ್ಲು ತಗೊಂಡು ಬಾ" ಎಂದಳು.

ನಮ್ಮ ಕಡೆ ಹೊಳೆಯ ದಂಡೆಯಲ್ಲಿ ಗಂಗಿ ಪೂಜೆ ಎಂದರೆ ಐದು ಕಲ್ಲು ತೊಳೆದು ಸಾಲಾಗಿ ಇಟ್ಟು, ಅರಿಶಿಣ ಕುಂಕುಮ ಹಚ್ಚಿ, ಅವಕ್ಕೇ ಉಡಿ ತುಂಬುವುದು. ದಂಡೋತಿಯಲ್ಲಿ ಕಾಗಿಣಾ ಹೊಳೆಗೆ ಇಳಿದರೆ ಕಾಲಿಟ್ಟಲ್ಲೆಲ್ಲ ಕಲ್ಲು. ಗೋಡೆ ಕಲ್ಲು, ಮಾಳಿಗೆ ಕಲ್ಲು, ಹೊಲದ ಬೇಲಿಯೂ ಕಲ್ಲು. ಹೀಗಾಗಿ ಕಾಯಿ, ಖಣ, ಉತ್ತತ್ತಿ, ಕೊಬ್ಬರಿ ಬಟ್ಟಲು ಎಲ್ಲ ನೆನಪಿಟ್ಟು ತಂದ ಅಕ್ಕನಿಗೆ, ದೇವರು ಸೃಷ್ಟಿಸಿದ ಜಗತ್ತಿನಲ್ಲಿ ಕಲ್ಲಿಲ್ಲದ ಜಾಗವೂ ಒಂದಿರಬಹುದು ಎಂದು ಹೊಳೆದಿರಲಿಲ್ಲ. ಭೂಗೋಳದ ಮಾಸ್ತರನಿಗೂ ಹೊಳೆದಿರಲಿಲ್ಲ.

ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದೆ. ಹಿಟ್ಟಿನಂಥ ಮರಳು. ಕಡೆಗೆ ಬೆಳ್ಳನೆಯ ಐದು ತುಂಡು ಸಿಕ್ಕವು. ಗೆದ್ದವನಂತೆ ತಂದು ಮುಂದಿಟ್ಟೆ.

ಅಕ್ಕ ಒಂದನ್ನು ಎತ್ತಿ ನೋಡಿದಳು. "ಇವು ಎಲುಬ ಅದಾವಲ್ಲೋ!"

"ಎಲುಬಲ್ಲಕ್ಕಾ, ಹವಳ. ಸಮುದ್ರದಾಗ ಸಣ್ಣ ಜೀವಿ ಇರ್ತಾವ, ಅವು ಸತ್ತ ಮ್ಯಾಲ..." ಎಂದು ಪಾಠ ಶುರು ಮಾಡಿದವನು, ಪಾಠ ಎತ್ತ ಹೊರಟಿದೆ ಎಂಬುದು ತಿಳಿದು ನಿಂತುಬಿಟ್ಟೆ.

"ಅಂದ್ರ ಎಲುಬೇ ಆತಿಲ್ಲೋ? ಗಂಗವ್ವನ ಮುಂದ ಎಲುಬು ಇಡಂತೀಯಾ?"

ಅಷ್ಟರಲ್ಲಿ ಸೀಟಿ ಕೇಳಿಸಿತು. ಗಾರ್ಡ್ ಓಡಿಬಂದು, ಹವಳ ಮುಟ್ಟಿದರೆ ಕೇಸು ಎಂದು ಹಿಂದಿಯಲ್ಲಿ ಗದರಿಸಿದ. ಹೀಗೆ ಧರ್ಮ ಮತ್ತು ಸರ್ಕಾರ ಒಂದೇ ಗಳಿಗೆಯಲ್ಲಿ ನನ್ನ ವಿರುದ್ಧ ತೀರ್ಪು ಕೊಟ್ಟವು. ಐದೂ ತುಂಡು ಇದ್ದಲ್ಲಿಗೇ ಒಯ್ದಿಟ್ಟು ಬಂದೆ.

ಮಧ್ಯಾಹ್ನ ಎರಡು ಗಂಟೆ ಆಯಿತು. ಉಡಿ ತುಂಬದೆ ಅಕ್ಕ ನೀರು ಸಹ ಮುಟ್ಟುವವಳಲ್ಲ, ಅವಳು ಮುಟ್ಟದೆ ರೊಟ್ಟಿ ಡಬ್ಬಿ ತೆರೆಯುವಂತಿಲ್ಲ. ಮರಳಿನುಂಡೆ ಇಡೋಣವೆಂದೆ, ಇಟ್ಟು ನೋಡು ಎಂದಳು, ಇಟ್ಟೆ, ಅಲೆ ಬಂದು ಒರೆಸಿಕೊಂಡು ಹೋಯಿತು. ಅಕ್ಕ ನಗಲಿಲ್ಲ. "ಕಣ್ಣು ಬಂದ್ರೂ ಹರಕಿ ಹಂಗೇ ಉಳೀತು" ಎಂದಷ್ಟೇ ಹೇಳಿ ಮುಖ ಆ ಕಡೆ ತಿರುಗಿಸಿದಳು.

ಆಗ ನನ್ನ ಹೆಂಡತಿ, ಹಸಿದವರಿಗೆ ಮಾತ್ರ ಬರುವ ಬುದ್ಧಿಯಿಂದ, "ಅಣ್ಣಾರ, ನಿಮ್ಮ ಚೀಲದಾಗ ಏನದ ರೀ?" ಎಂದು ಕೇಳಿದಳು.

ಮಾಮಾ ಚೀಲವನ್ನು ಬೋಟಿನಲ್ಲೂ ಬಿಟ್ಟಿರಲಿಲ್ಲ. ಈಗ ಅದನ್ನು ತೊಡೆಯ ಕೆಳಗೆ ಸರಿಸಿಕೊಂಡರು.

"ಅವರ ನಮೂನಿ ನಮಗ್ಯಾಕ?" ಎಂದಳು ಅಕ್ಕ, ಅವರ ಕಡೆ ನೋಡದೆ. "ಸಂಜಿಗಿ ಗಿರಾಕಿಗಿ ತೋರಸಬೇಕು ಅವರು."

ಮಾಮಾ ಒಮ್ಮೆ ಸಮುದ್ರ ನೋಡಿದರು, ಒಮ್ಮೆ ಅಕ್ಕನ ಬೆನ್ನು ನೋಡಿದರು. ಚೀಲ ಬಿಚ್ಚಿ ಒಂದೊಂದೇ ಕಲ್ಲು ಪಂಜೆಗೆ ಒರೆಸಿ ಕೊಟ್ಟರು. "ಶಹಾಬಾದ್ದು ಫಸ್ಟ್ ಕ್ಲಾಸ್ ಮಾಲು. ಗಂಗವ್ವಗ ಹೇಳು."

ಸಮುದ್ರದ ನೀರು ಬಿದ್ದೊಡನೆ ಆ ಕಲ್ಲುಗಳಿಗೆ ಮಳೆಗಾಲದ ಮೋಡದ ಬಣ್ಣ ಬಂತು. ಇಷ್ಟು ವರ್ಷ ಇಂಥದೇ ಹಾಸುಗಲ್ಲಿನ ಮೇಲೆ ಊಟಕ್ಕೆ ಕೂತ ನಾನು ಅದನ್ನು ಎಂದೂ ನೋಡಿರಲಿಲ್ಲ. ಅಕ್ಕ ಪಾಲಿಶ್ ಮಗ್ಗಲಿಗೆ ಅರಿಶಿಣ ಕುಂಕುಮ ಹಚ್ಚಿದಳು, ಉಡಿ ತುಂಬಿದಳು, ಕೈಮುಗಿದು ಸಮುದ್ರಕ್ಕೆ ಹೀಗೆಂದಳು: "ಇಷ್ಟು ನೀರು ಇಟಗೊಂಡು, ನಮ್ಮ ಕಡಿ ಒಂದಿಷ್ಟು ಬರಬಾರದೇನವ್ವಾ?" ಸಮುದ್ರ ಸರ್ಕಾರದಂತೆಯೇ ಸದ್ದು ಮಾಡಿತು, ಉತ್ತರ ಕೊಡಲಿಲ್ಲ.

ಪೂಜೆಯಾದ ಮೇಲೆ ಕಲ್ಲು ನೀರಿಗೆ ಬಿಡುವುದು ರೂಢಿ. ಗಾರ್ಡ್ ಪ್ರಸಾದದ ಕೊಬ್ಬರಿ ತಿನ್ನುತ್ತಲೇ ಅಡ್ಡ ಬಂದ. ಇಲ್ಲಿಂದ ಏನೂ ಒಯ್ಯುವಂತಿಲ್ಲ, ಇಲ್ಲಿ ಏನೂ ಬಿಡುವಂತಿಲ್ಲ ಎಂದ. ಮಾಮಾರ ಮುಖ ಅರಳಿತು. "ಕಾಯದೆ ಅಂದ ಮ್ಯಾಲ ಕಾಯದೆ" ಎಂದು ಕಲ್ಲುಗಳನ್ನು ಅವಸರದಿಂದ ಚೀಲಕ್ಕೆ ಹಾಕಿ, ಕುಂಕುಮ ಒರೆಸಲು ಬಟ್ಟೆ ತೆಗೆದರು.

"ಒರಸೀರಿ ಜ್ವಾಕಿ! ಇನ್ನ ಅವು ನಿಮ್ಮ ಮಾಲಲ್ಲ," ಎಂದಳು ಅಕ್ಕ. ಬೋಟು ಬರುವುದಕ್ಕೂ ನಾವು ರೊಟ್ಟಿ ಮುಗಿಸುವುದಕ್ಕೂ ಸರಿಹೋಯಿತು.

ಸಂಜೆ ಜೆಟ್ಟಿಯ ಬಳಿ ಮಾಮಾ, ಕೊಟ್ಟ ಮಾತಿನಂತೆ, ಐದು ನಮೂನೆಗಳನ್ನೂ ಅರಿಶಿಣ ಕುಂಕುಮ ಸಮೇತ ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟರು. ಗೆಸ್ಟ್ ಹೌಸಿನವನು ನೋಡಿದ. ಮೊದಲು ಚಪ್ಪಲಿ ಬಿಟ್ಟ. ಆಮೇಲೆ ಕೈಮುಗಿದ. ಕಲ್ಲು ಭಾಳ ಚೆಂದ ಇದೆ, ಆದರೆ ಇದನ್ನು ನೆಲಕ್ಕೆ ಹಾಸಿದರೆ ಇದರ ಮೇಲೆ ಕಾಲಿಡುವ ಧೈರ್ಯ ಯಾರಿಗೆ ಎಂದು ಕೇಳಿ, ಟೈಲ್ಸ್‌ಗೇ ಹೇಳಿದ್ದೇನೆ ಎಂದ.

ಮಾಮಾ ಚೀಲ ಹೊತ್ತು ಲಾಡ್ಜಿಗೆ ಬಂದರು. ಬಾಗಿಲಲ್ಲಿ ನಿಂತು ಅಕ್ಕನನ್ನು ಒಂದೇ ಪ್ರಶ್ನೆ ಕೇಳಿದರು. "ಹಿಂದಿನ ಮಗ್ಗಲಕ ಕುಂಕುಮ ಹಚ್ಚಿದ್ರ ನಡೀತಿರಲಿಲ್ಲೇನು?"

"ದೇವರಿಗಿ ಒರಟು ಮಗ್ಗಲು ತೋರಸಬೇಕಿತ್ತೇನು?" ಎಂದಳು ಅಕ್ಕ, ಹೊಸ ಕಣ್ಣಿಂದ ಅವರನ್ನು ದಿಟ್ಟಿಸಿ. "ಅದನ್ನ ನಾ ದಿನಾ ನೋಡತೀನಲ್ಲ."