ಚಿಕ್ಕಬಸಮ್ಮನ ಬೆರಳು

ಗುಂಡ್ಲುಪೇಟೆಯ ನಮ್ಮ ಬೀದಿಯಲ್ಲಿ ಕೂಸುಗಳಿಗೆ ನೀರೆರೆಯುವವರು ಚಿಕ್ಕಬಸಮ್ಮ. ಅವರು ಕಾಲು ನೀಡಿ ಕುಳಿತರೆ ಎಂಥ ರಂಪದ ಕೂಸೂ ಆ ಮೊಣಕಾಲ ಮೇಲೆ ಸುಮ್ಮನಾಗುತ್ತದೆ. ಹಲ್ಲು ನೋಡುವವರೂ ಅವರೇ. ಬೆರಳಿನಿಂದ ವಸಡು ಸವರಿ, ಇನ್ನು ಇಷ್ಟು ದಿನ ಎಂದು ಹೇಳಿಬಿಡುತ್ತಾರೆ.

ಈಗ, ೧೯೫೪ರ ಈ ಬೇಸಗೆಯಲ್ಲಿ, ನನ್ನ ಶಿವರುದ್ರನಿಗೆ ಏಳು ತಿಂಗಳು. ಹದಿನೈದು ದಿನದಿಂದ ಕೊರಳಲ್ಲಿ ಕಟ್ಟಿದ ಲಿಂಗದ ವಸ್ತ್ರವನ್ನೇ ಬಾಯಿಗಿಟ್ಟು ಚೀಪುತ್ತಿದ್ದ. ಶಿವದಾರ ಜೊಲ್ಲಿನಲ್ಲಿ ನೆನೆದು ಕತ್ತು ಕೆಂಪಾಗಿತ್ತು. ಅತ್ತೆ ಗುರುಸಿದ್ದಮ್ಮನವರಿಗೆ ಅದೇ ಹೆಮ್ಮೆ.

“ಲಿಂಗವ ಬುಡದೇ ಇಲ್ಲ ಅಂತನ. ಮಠಕ್ಕ ಓಗೋ ಕೂಸು ಕಣಮ್ಮಿ.”

“ಮಠಕ್ಕೂ ಇಲ್ಲ ಗಿಠಕ್ಕೂ ಇಲ್ಲ,” ಚಿಕ್ಕಬಸಮ್ಮ ನಕ್ಕಿದ್ದರು. “ವಸಡು ನವೆ ಕಣವ್ವ. ಕೆಳಗೆರಡು ಬತ್ತಾವ.”

ನಾನು ದಿನಚರಿಯಲ್ಲಿ ಗುರುತು ಹಾಕಿಕೊಂಡೆ: ಜೊಲ್ಲು, ಮುಷ್ಟಿ ಕಡಿಯುವುದು, ಊದಿದ ವಸಡು, ಹಾಲು ಕುಡಿಯುವಾಗ ಕಚ್ಚುವುದು. ಸೋಮವಾರ ಭೇದಿ ಶುರುವಾಯಿತು. ಅದನ್ನೂ ಹಲ್ಲಿನ ಗುರುತುಗಳ ಕೆಳಗೇ ಬರೆದೆ. ಮೈ ಸುಟ್ಟಿತು, ಅದನ್ನೂ. ಯಜಮಾನರು ರೇಷ್ಮೆಗೂಡು ತೆಗೆದುಕೊಂಡು ಚಾಮರಾಜನಗರಕ್ಕೆ ಹೋಗಿದ್ದರು. ಚಿಕ್ಕಬಸಮ್ಮ ಬೇಗೂರಿನ ಮಗಳ ಮನೆಯಲ್ಲಿದ್ದರು. “ಹಲ್ಲು ಬರೋವಾಗ ಹಿಂಗೇಯ,” ಎಂದರು ಅತ್ತೆ. ಎರಡು ದಿನ ಹಲ್ಲಿಗಾಗಿ ಕಾದೆ.

ಬುಧವಾರ ಬೆಳಿಗ್ಗೆ ಚಿಕ್ಕಬಸಮ್ಮ ಬಂದರು. ಮಗುವಿನ ಬಾಯಿಗೆ ಬೆರಳಿಟ್ಟರು, ನಗಲಿಲ್ಲ. ನೆತ್ತಿ ಮುಟ್ಟಿದರು. ಅದು ಗುಳಿ ಬಿದ್ದಿತ್ತು.

“ಬಾಯಿ ಒಣಗೋಗದ. ಹಲ್ಲು ಬರೋ ಕೂಸಿಗ ಜೊಲ್ಲು ಸುರೀಬೇಕು. ಇದು ಹಲ್ಲಲ್ಲ ಕಣವ್ವ.”

“ಮತ್ತೇನು?”

“ನಂಗೇನ್ ಗೊತ್ತು? ಹಲ್ಲಲ್ಲ ಅಂತ ಗೊತ್ತು, ಅಷ್ಟೇಯ. ನನ್ ಮೊದಲ್ನೇ ಗಂಡ್ ಮಗೀಗೂ ಹಲ್ಲು ಹಲ್ಲು ಅನ್ಕಂಡೇ ಕುಂತ್ಬುಟ್ಟೆ. ಏಳು, ಆಸ್ಪತ್ರೆಗ ಹೋಗನ.”

ಬೇಗೂರಿನ ಮಗಳಿಗಿಂತ ಮೊದಲು ಅವರಿಗೊಂದು ಗಂಡುಕೂಸು ಇತ್ತೆಂದು ನನಗೆ ಗೊತ್ತೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಮಗುವಿನ ಹೊಟ್ಟೆಯ ಚರ್ಮ ಚಿವುಟಿ ನೋಡಿದರು. ಅದು ಎತ್ತಿದಂತೆಯೇ ನಿಂತಿತು. ಔಷಧಿ ಕೊಟ್ಟರು, ಕಾಯಿಸಿ ಆರಿಸಿದ ನೀರಿಗೆ ಉಪ್ಪು, ಸಕ್ಕರೆ ಹಾಕಿ, ಚಮಚ ಚಮಚವಾಗಿ ಕುಡಿಸುತ್ತಲೇ ಇರಬೇಕು, ಸಂಜೆ ನೋಡೋಣ ಎಂದರು. ಉಳಿಯುತ್ತದೆಯೇ ಎಂದು ಕೇಳುವ ಬದಲು ಉಪ್ಪೆಷ್ಟು, ಸಕ್ಕರೆಯೆಷ್ಟು ಎಂದು ಕೇಳಿದೆ.

ವರಾಂಡದಲ್ಲಿ ಕುಳಿತೆವು. ಒಂದು ಚಮಚ ಒಳಗೆ ಹೋದರೆ ಅರ್ಧ ಹೊರಗೆ ಬರುತ್ತಿತ್ತು. ಚಿಕ್ಕಬಸಮ್ಮ ಕೈ ತೊಳೆದು ತೊಳೆದು ಬಂದು ಅವನ ಬಾಯಿಗೆ ಬೆರಳಿಟ್ಟು ನೋಡುತ್ತಿದ್ದರು.

ಮೂರು ಗಂಟೆಯ ಹೊತ್ತಿಗೆ ಬೆರಳನ್ನು ನನ್ನ ಅಂಗೈಗೆ ಒರೆಸಿದರು.

“ವಸಿ ಒದ್ದೆ ಆಗದ, ನೋಡು.”

ನೋಡಿದೆ. ಅದು ಜೊಲ್ಲೋ, ನಾನು ಕುಡಿಸಿದ ನೀರೋ ನನಗೆ ತಿಳಿಯಲಿಲ್ಲ. ಅವರ ಬೆರಳನ್ನೇ ನಂಬಿ ಇನ್ನೊಂದು ಚಮಚ ಹಾಕಿದೆ.